ಏಣಿಯಲ್ಲಿ ಇಲ್ಲದವರು

ರಾಷ್ಟ್ರೀಯ ಸ್ಕ್ವಾಷ್ ಸಂಸ್ಥೆ ಎಂದೊಡನೆ ಕೇಳಿದವರ ಕಣ್ಣಮುಂದೆ ಗಾಜಿನ ಕಟ್ಟಡ, ಮಿರಿಮಿರಿ ಮಿಂಚುವ ನೆಲ, ಸೂಟು ತೊಟ್ಟ ಹತ್ತಾರು ಜನ ಬಂದು ನಿಲ್ಲಬಹುದು. ಪಾಪ, ಹಾಗೇನೂ ಇರಲಿಲ್ಲ. ಕ್ರೀಡಾಂಗಣದ ಮೆಟ್ಟಿಲುಗಳ ಕೆಳಗೆ ಎರಡು ಕೋಣೆ, ಮೂರು ಕಬ್ಬಿಣದ ಬೀರು, ತಿರುಗಲೋ ಬೇಡವೋ ಎನ್ನುವ ಒಂದು ಫ್ಯಾನು, ಮತ್ತು ಏಣಿ ಅಕ್ಕ. ಇಷ್ಟೇ ಸಂಸ್ಥೆ. ಅಧ್ಯಕ್ಷರು, ಉಪಾಧ್ಯಕ್ಷರು, ಕಾರ್ಯದರ್ಶಿ ಎಲ್ಲರೂ ಇದ್ದರು. ಆದರೆ ಅವರೆಲ್ಲ ಸಭೆಯ ದಿನ ಬಂದು, ಚಹಾ ಕುಡಿದು, ಕೈ ಎತ್ತಿ ಹೋಗುವವರು. ಬೀಗ ತೆಗೆಯುವುದರಿಂದ ಹಿಡಿದು ಸಭೆಯ ನಡಾವಳಿ ಬರೆಯುವವರೆಗೆ ಉಳಿದದ್ದೆಲ್ಲ ಏಣಿ ಅಕ್ಕನ ತಲೆಗೆ. ಅದೂ ಒಂದೆರಡು ದಿನವಲ್ಲ, ಇಪ್ಪತ್ತಾರು ವರ್ಷ.

ಅವಳ ಕುರ್ಚಿಯ ಹಿಂದಿನ ಗೋಡೆಯ ಆ ಬದಿಯಲ್ಲೇ ಒಂದನೇ ನಂಬರಿನ ಕೋರ್ಟು. ಬೆಳಗಾದರೆ ರಬ್ಬರ್ ಚೆಂಡು ಬಂದು ಗೋಡೆಗೆ ಬಡಿಯುವ ಸದ್ದು ಶುರು: ಧಪ್, ಧಪ್, ಧಪ್. ಹೊಸದಾಗಿ ಬಂದವರು ಹತ್ತು ನಿಮಿಷಕ್ಕೇ ತಲೆ ಹಿಡಿದುಕೊಳ್ಳುತ್ತಿದ್ದರು. ಏಣಿ ಅಕ್ಕನಿಗೆ ಸದ್ದು ನಿಂತರೇ ಕಸಿವಿಸಿ. ಚೆಂಡು ಗೋಡೆಯ ಬುಡಕ್ಕೆ ಹೊಡೆದಿರುವ ತಗಡಿಗೆ ಬಡಿದು ಠಣ್ ಎಂದರೆ, ಟೈಪು ಮಾಡುತ್ತಲೇ "ಅಯ್ಯೋ, ಔಟು" ಎಂದು ಗೊಣಗುತ್ತಿದ್ದಳು.

ಅವಳಿಗೆ ಆ ಹೆಸರು ಬಂದದ್ದು ಏಣಿಯಿಂದಲೇ. ಸ್ಕ್ವಾಷ್ ಆಡುವ ಪ್ರತಿಯೊಂದು ಕ್ಲಬ್ಬಿನಲ್ಲೂ ಕೋರ್ಟಿನ ಹೊರಗೆ ಒಂದು ಮರದ ಹಲಗೆ ತೂಗುಹಾಕಿರುತ್ತಾರೆ. ಅದರಲ್ಲಿ ಮೇಲಿನಿಂದ ಕೆಳಗೆ ಸಾಲಾಗಿ ಆಟಗಾರರ ಹೆಸರಿನ ಚೀಟಿಗಳು. ಅದೇ ಏಣಿ. ಕೆಳಗಿದ್ದವರು ಮೇಲಿನವರಿಗೆ ಸವಾಲು ಹಾಕಬಹುದು; ಹಾಕಿಸಿಕೊಂಡವರು ವಾರದೊಳಗೆ ಆಡಲೇಬೇಕು; ಸೋತರೆ ಚೀಟಿ ಅದಲುಬದಲು. ಆಡದೆ ತಪ್ಪಿಸಿಕೊಂಡರೆ ಚೀಟಿ ಸೀದಾ ತಳಕ್ಕೆ.

ಅವಳು ಕೆಲಸಕ್ಕೆ ಸೇರಿದ ಕಾಲದಲ್ಲಿ ಕ್ಲಬ್ಬುಗಳು ಪ್ರತಿ ವರ್ಷ ಆಟಗಾರರ ಲೆಕ್ಕದ ಉದ್ದನೆಯ ಫಾರಂನಲ್ಲಿ ಬಾಯಿಗೆ ಬಂದ ಸಂಖ್ಯೆ ತುಂಬಿ ಕಳಿಸುತ್ತಿದ್ದವು. ಒಂದು ಕ್ಲಬ್ಬಂತೂ ಈಜಲು ಬರುವವರು, ಇಸ್ಪೀಟು ಆಡಲು ಬರುವವರು, ಕೊನೆಗೆ ತೀರಿಹೋದ ಇಬ್ಬರನ್ನೂ ಸ್ಕ್ವಾಷ್ ಆಟಗಾರರೆಂದು ಬರೆದಿತ್ತು. ಎರಡನೇ ವರ್ಷ ಏಣಿ ಅಕ್ಕ ಆ ಫಾರಂ ಕಿತ್ತೆಸೆದು ಒಂದೇ ಪ್ರಶ್ನೆಯ ಫಾರಂ ಮಾಡಿದಳು: "ನಿಮ್ಮ ಏಣಿಯಲ್ಲಿ ಈಗ ಎಷ್ಟು ಹೆಸರುಗಳಿವೆ?" ಏಣಿಯಲ್ಲಿ ಸುಳ್ಳು ನಡೆಯುವುದಿಲ್ಲ, ಅಲ್ಲಿ ಇರಬೇಕೆಂದರೆ ಆಡಲೇಬೇಕು. ಅಂದಿನ ಅಧ್ಯಕ್ಷರು ಬೆನ್ನು ತಟ್ಟಿದ್ದೇ ತಟ್ಟಿದ್ದು. ಅಂದಿನಿಂದ ಏಣಿ ಅಕ್ಕ ಕೊಟ್ಟ ಸಂಖ್ಯೆ ಎಂದರೆ ಕಲ್ಲಿನ ಮೇಲೆ ಕೆತ್ತಿದ ಹಾಗೆ. ಅವಳಿಗೂ ಅದರ ಬಗ್ಗೆ ಒಳಗೊಳಗೇ ಜಂಬವಿತ್ತು. ಸುಳ್ಳೇಕೆ, ಹೊರಗೂ ಸ್ವಲ್ಪ ಇತ್ತು.

ಹೀಗಿರುವಾಗ ಸಂಸ್ಥೆಗೆ ಐದು ವರ್ಷದ ಯೋಜನೆ ಬೇಕು ಎಂದು ಈಗಿನ ಅಧ್ಯಕ್ಷರಿಗೆ ಹೊಳೆಯಿತು. ಅವರು ಹಳೆಯ ಚಾಂಪಿಯನ್, ವೃತ್ತಿಯಲ್ಲಿ ಹಲ್ಲಿನ ಡಾಕ್ಟರು. ಸಭೆಯಲ್ಲೂ ಅವರು ಹೇಳಿದಾಗ ಮಾತ್ರ ಉಳಿದವರು ಬಾಯಿ ತೆರೆಯುತ್ತಿದ್ದರು. ಅವರು ಎಲ್ಲಿಂದಲೋ ಒಬ್ಬ ಯೋಜನಾ ತಜ್ಞನನ್ನು ಕರೆತಂದರು. ತೆಳ್ಳಗಿನ ಮನುಷ್ಯ, ಮಾತು ಮೆತ್ತಗೆ, ಕಂಪ್ಯೂಟರ್ ಮಾತ್ರ ಯಾವಾಗಲೂ ಬಿಸಿ. ಮೂರು ತಿಂಗಳು ಏಣಿ ಅಕ್ಕನ ಬೀರುಗಳನ್ನು ಜಾಲಾಡಿದ. ಪ್ರತಿ ವರ್ಷದ ಫಾರಂ, ನಲವತ್ಮೂರು ಕ್ಲಬ್ಬು, ಒಂದೂ ಕಾಗದ ಆಚೀಚೆ ಇಲ್ಲ.

"ಮೇಡಂ, ಎಷ್ಟೋ ದೊಡ್ಡ ದೊಡ್ಡ ಆಫೀಸು ನೋಡಿದೀನಿ. ಇಷ್ಟು ಚೊಕ್ಕವಾಗಿ ಇಟ್ಟಿರೋದು ಎಲ್ಲೂ ನೋಡಿಲ್ಲ" ಎಂದ.

"ನೋಡ್ಕೊಳ್ಳೋಕೆ ಮೂರೇ ಬೀರು ಇರೋದಲ್ವಾ" ಎಂದಳು ಏಣಿ ಅಕ್ಕ. ಆ ದಿನ ಮನೆಗೆ ಹೋಗುವಾಗ ಅವಳ ಕಾಲು ನೆಲದ ಮೇಲಿರಲಿಲ್ಲ.

ಯೋಜನೆ ಸಿದ್ಧವಾಯಿತು. ನಲವತ್ತು ಪುಟ. ದೇಶದಲ್ಲಿ ಆಟಗಾರರು ಎರಡು ಸಾವಿರದ ನೂರೈವತ್ತು. ಐದನೇ ವರ್ಷದ ಕೊನೆಗೆ ಅದು ದುಪ್ಪಟ್ಟಾಗಬೇಕು, ಅಂದರೆ ನಾಲ್ಕು ಸಾವಿರದ ಮುನ್ನೂರು. ಅದಕ್ಕೆ ದಾರಿ ಏನೆಂದರೆ, ಏಣಿಯಲ್ಲಿ ಇಪ್ಪತ್ತಕ್ಕಿಂತ ಕಡಿಮೆ ಹೆಸರಿರುವ ಹದಿನೇಳು ಸಣ್ಣ ಕ್ಲಬ್ಬುಗಳನ್ನು ಸಂಸ್ಥೆಯಿಂದ ಕೈಬಿಡುವುದು. ಅಲ್ಲಿಗೆ ಹೋಗುವ ತರಬೇತುದಾರರು, ಚೆಂಡು, ಗೋಡೆ ರಿಪೇರಿ ಎಲ್ಲವನ್ನೂ ಆರು ದೊಡ್ಡ ಊರುಗಳಿಗೆ ತಿರುಗಿಸುವುದು. ಇಪ್ಪತ್ತೆಂಟನೇ ಪುಟದಲ್ಲಿ ಇನ್ನೊಂದು ಸಾಲಿತ್ತು. ಸಂಸ್ಥೆಯಲ್ಲಿ ಅಂಕಿಅಂಶ ವಿಭಾಗ ತೆರೆಯಬೇಕು, ಅದಕ್ಕೆ ಈಗಿನ ಕಚೇರಿ ಸಹಾಯಕಿಯನ್ನೇ ಮುಖ್ಯಸ್ಥೆಯಾಗಿ ನೇಮಿಸಬೇಕು. ಸ್ವಂತ ಕೋಣೆ, ಬಾಗಿಲ ಮೇಲೆ ಹೆಸರಿನ ಫಲಕ. ಏಣಿ ಅಕ್ಕ ಆ ಪುಟವನ್ನು ಎಷ್ಟು ಸಲ ಓದಿದಳೆಂದರೆ ಮೂಲೆ ಮಡಚಿಕೊಂಡುಬಿಟ್ಟಿತು.

ಶನಿವಾರ ಸರ್ವಸದಸ್ಯರ ಸಭೆ, ಕೈ ಎತ್ತಿದರೆ ಯೋಜನೆ ಜಾರಿ. ಅದಕ್ಕೆ ಮುಂಚಿನ ಎರಡು ದಿನ ರಜೆ ಹಾಕಿ ಏಣಿ ಅಕ್ಕ ನಾದಿನಿಯ ಮನೆಗೆ ಹೋದಳು. ನಾದಿನಿ ಎಂದರೆ ಗಂಡನ ತಂಗಿ. ಬಸ್ಸಿನಲ್ಲಿ ಐದು ಗಂಟೆ ದೂರದ ಸಣ್ಣ ಊರಿನಲ್ಲಿ ಅಂಚೆ ಕಚೇರಿಯ ಕಿಟಕಿಯಲ್ಲಿ ಕೂರುವವಳು. ನಾಲ್ಕು ವರ್ಷದಿಂದ "ಬನ್ನಿ ಅತ್ತಿಗೆ, ಬನ್ನಿ ಅತ್ತಿಗೆ" ಎಂದು ಕರೆದು ಕರೆದು ಬೇಸತ್ತಿದ್ದಳು. ಮುಖ್ಯಸ್ಥೆಯಾದ ಮೇಲೆ ಪುರುಸೊತ್ತು ಎಲ್ಲಿ ಸಿಗಬೇಕು, ಈಗಲೇ ಹೋಗಿಬಿಡೋಣ ಎಂದು ಇವಳ ಎಣಿಕೆ.

ಮರುದಿನ ಬೆಳಿಗ್ಗೆ ಆರಕ್ಕೆಲ್ಲ ನಾದಿನಿ ಬೂಟು ಹಾಕಿಕೊಂಡು ಹೊರಟು ನಿಂತಿದ್ದಳು.

"ಎಲ್ಲಿಗೆ ಕಣೇ ಇಷ್ಟು ಬೆಳಿಗ್ಗೆ? ವಾಕಿಂಗಾ?"

"ಆಟಕ್ಕೆ ಅತ್ತಿಗೆ. ನೀವೂ ಬನ್ನಿ, ಇಲ್ಲೇ ಎರಡು ಬೀದಿ ಆಚೆ."

ಹೋಗಿ ನೋಡಿದರೆ ಸ್ಕ್ವಾಷ್ ಕ್ಲಬ್ಬು! ಏಣಿ ಅಕ್ಕ ಕಾಗದದಲ್ಲಿ ಮಾತ್ರ ಕಂಡಿದ್ದ ಕ್ಲಬ್ಬು. ಒಂದೇ ಕೋರ್ಟು, ಏಣಿಯಲ್ಲಿ ಹನ್ನೊಂದು ಹೆಸರು, ಕೈಬಿಡಬೇಕಾದ ಹದಿನೇಳರ ಪಟ್ಟಿಯಲ್ಲಿ ಒಂಬತ್ತನೆಯದು. ಆದರೆ ಕೋರ್ಟಿನ ಹೊರಗಿನ ಉದ್ದ ಬೆಂಚಿನ ಮೇಲೆ ಸಾಲಾಗಿ ಹೆಂಗಸರು ಕೂತಿದ್ದರು, ಜಾಗ ಸಾಲದೆ ನಾಲ್ಕೈದು ಜನ ನೆಲದ ಮೇಲೂ. ಗೋಡೆಯಲ್ಲೊಂದು ಗಡಿಯಾರ. ಹತ್ತು ನಿಮಿಷವಾದರೆ ಸಾಕು, ಯಾರಾದರೊಬ್ಬರು ಬಾಗಿಲು ಬಡಿದು "ಆಯ್ತು, ಆಚೆ ಬನ್ನಿ" ಎನ್ನುತ್ತಿದ್ದರು. ಒಳಗಿದ್ದವರು ಬೆವರು ಸುರಿಸುತ್ತ "ಇದೊಂದು ಪಾಯಿಂಟ್ ಮುಗೀಲಿ" ಎಂದು ಗೋಗರೆಯುತ್ತಿದ್ದರು. ಅಂಗಡಿಯವಳು, ಶಾಲೆಯ ಗಣಿತದ ಟೀಚರು, ಹೊಲಿಗೆಯವಳು, ನಿವೃತ್ತಳಾದ ನರ್ಸಮ್ಮ, ಆಕೆಯ ಸೊಸೆ. ಏಣಿ ಅಕ್ಕ ರೂಢಿಯಂತೆ ಎಣಿಸಿದಳು. ಇಪ್ಪತ್ತಾರು ಜನ. ಎರಡನೇ ಸಲ ಎಣಿಸುವಷ್ಟರಲ್ಲಿ ಇನ್ನಿಬ್ಬರು ಬಂದರು.

"ಇವರೆಲ್ಲ ದಿನಾ ಬರ್ತಾರಾ?"

"ಬರದೆ? ಇದು ಬೆಳಗಿನ ಗುಂಪು. ಒಂಬತ್ತಕ್ಕೆ ಮುದುಕರ ಗುಂಪು ಬರುತ್ತೆ. ಸಂಜೆ ಮಿಲ್ಲಿನವರು" ಎಂದಳು ನಾದಿನಿ, ಕೈಪಟ್ಟಿ ಏರಿಸಿಕೊಳ್ಳುತ್ತ.

ಗೋಡೆಯ ಮೇಲೆ ಏಣಿ ತೂಗುತ್ತಿತ್ತು. ಹನ್ನೊಂದು ಚೀಟಿ, ಎಲ್ಲ ಮಿಲ್ಲಿನ ಗಂಡಸರವು. ಕ್ಲಬ್ಬು ನೋಡಿಕೊಳ್ಳುವವನು ನೆಲ ಒರೆಸುತ್ತಿದ್ದ. ಏಣಿ ಅಕ್ಕ ಅವನ ಮುಂದೆ ಹೋಗಿ ನಿಂತಳು. "ಈ ಹೆಂಗಸರ ಹೆಸರು ಯಾಕೆ ಕಳಿಸಿಲ್ಲ ನೀವು?"

ಅವನು ಒರೆಸುವ ಕೋಲಿನ ಮೇಲೆ ಗದ್ದ ಊರಿದ. "ಮೇಲಿನ ಆಫೀಸಿನವರು ಕೇಳೋದು ಏಣಿಯಲ್ಲಿ ಎಷ್ಟು ಅಂತ. ಹನ್ನೊಂದು ಇದೆ, ಹನ್ನೊಂದು ಬರೀತೀವಿ. ಕೇಳದೇ ಇರೋದನ್ನ ಬರೆಯೋಕಾಗುತ್ತಾ ಅಮ್ಮ? ಅಲ್ಲಿ ಕೂತಿರೋಳು ಭಾರೀ ಕಟ್ಟುನಿಟ್ಟಂತೆ."

ಭಾರೀ ಕಟ್ಟುನಿಟ್ಟಿನವಳು ಉಗುಳು ನುಂಗಿಕೊಂಡಳು. ಬೆಂಚಿಗೆ ಮರಳಿ ನಾದಿನಿಯನ್ನು ತರಾಟೆಗೆ ತೆಗೆದುಕೊಂಡಳು. "ನೀವಾದ್ರೂ ಏಣಿಗೆ ಹೆಸರು ಹಾಕಬಾರದಾ? ಏನು ದಾಡಿ ನಿಮಗೆ?"

ಬೆಂಚೆಲ್ಲ ನಕ್ಕಿತು. "ಅತ್ತಿಗೆ, ಏಣಿಗೆ ಹಾಕಿದ್ರೆ ಸವಾಲು ಹಾಕಬೇಕು" ಎಂದು ನಾದಿನಿ ದನಿ ತಗ್ಗಿಸಿ ನರ್ಸಮ್ಮನ ಸೊಸೆಯ ಕಡೆ ಕಣ್ಣು ಹಾಯಿಸಿದಳು. "ಇವಳ ಹೆಸರು ಅತ್ತೆ ಹೆಸರಿನ ಮೇಲೆ ಹೋದ್ರೆ ಆಮೇಲೆ ಮನೇಲಿ ಅಡುಗೆ ಯಾರು ಮಾಡ್ಬೇಕು? ಕೆಳಗೇ ಇದ್ರೆ ಇವಳಿಗೆ ಉರಿ. ಗಣಿತದ ಟೀಚರು ನನ್ನ ಮಗಳ ಪೇಪರ್ ತಿದ್ದೋಳು, ನಾನು ಅವಳನ್ನ ಸೋಲಿಸಿ ಎಲ್ಲಿಗೆ ಹೋಗ್ಲಿ? ಅದಕ್ಕೇ ನಾವು ಯಾರೂ ಆ ಹಲಗೆ ಹತ್ರ ಹೋಗಲ್ಲ. ಬರ್ತೀವಿ, ಬಡಿದಾಡ್ತೀವಿ, ಮನೆಗೆ ಹೋಗಿ ಮರೀತೀವಿ."

ನರ್ಸಮ್ಮನ ಸೊಸೆ ಕೇಳಿಸಿಕೊಂಡಿದ್ದಳು. "ಮರೆಯಲ್ಲ, ಸುಮ್ನಿರ್ತೀವಿ" ಎಂದಳು. ಮತ್ತೆ ನಗು.

ಏಣಿ ಅಕ್ಕನಿಗೆ ಮಾತ್ರ ನಗು ಬರಲಿಲ್ಲ. ವಿಚಾರಿಸಿದರೆ, ಮುದುಕರೂ ಏಣಿಗೆ ಹೆಸರು ಹಾಕುವುದಿಲ್ಲವಂತೆ, ಮಂಡಿ ನೋವಿನ ದಿನ ಸವಾಲು ಬಂದರೆ ಏನು ಗತಿ ಎಂದು. ಶಾಲೆಯ ಮಕ್ಕಳನ್ನು ಏಣಿಗೆ ಹಾಕುವ ರೂಢಿಯೇ ಇಲ್ಲ. ಇಲ್ಲಿ ಹೀಗೆಂದರೆ ಉಳಿದ ನಲವತ್ತೆರಡು ಕಡೆ ಬೇರೆ ಹೇಗಿರುತ್ತದೆ? ಸುಳ್ಳನ್ನು ಹೊರಗಿಡಲು ಅವಳು ಕಟ್ಟಿದ ಬೇಲಿ, ಆಡುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರನ್ನು ಹೊರಗೆ ನಿಲ್ಲಿಸಿತ್ತು. ಇಪ್ಪತ್ತೈದು ವರ್ಷ ಒಬ್ಬರೂ ಕೇಳಲಿಲ್ಲ, ಏಕೆಂದರೆ ಸಂಖ್ಯೆ ಏಣಿ ಅಕ್ಕನದು.

ಶುಕ್ರವಾರ ಮನೆಗೆ ಬಂದವಳು ಗಂಡನ ಮುಂದೆ ಎಲ್ಲ ಹೇಳಿಕೊಂಡಳು. ಗಂಡ ಕನ್ನಡಕದ ಅಂಗಡಿಯಲ್ಲಿ ಗಾಜು ಅರೆದು ಚೌಕಟ್ಟಿಗೆ ಕೂರಿಸುವವನು, ಅವಸರ ಎಂಬುದೇ ಗೊತ್ತಿಲ್ಲದ ಮನುಷ್ಯ.

"ರೀ, ಬರೋ ವರ್ಷ ಫಾರಂ ಬದಲಾಯಿಸಿಬಿಟ್ರೆ ಆಗಲ್ವಾ? ಯಾರಿಗೂ ಗೊತ್ತಾಗಲ್ಲ."

"ಬರೋ ವರ್ಷ ಆ ಹದಿನೇಳು ಕ್ಲಬ್ಬಿಗೆ ಫಾರಂ ಹೋಗುತ್ತಾ?"

"ಇಲ್ಲ. ನಾಳೆ ಕೈ ಎತ್ತಿದ್ರೆ ಅವು ಪಟ್ಟಿಯಲ್ಲೇ ಇರಲ್ಲ. ಗೋಡೆ ಉದುರಿದ್ರೆ ಕೇಳೋರಿರಲ್ಲ. ಎರಡು ವರ್ಷಕ್ಕೆ ಆ ಒಂದು ಕೋರ್ಟಿಗೂ ಬೀಗ ಬೀಳುತ್ತೆ."

"ಹಾಗಾದ್ರೆ ನಾಳೇನೇ ಹೇಳ್ಬೇಕು."

"ಹೇಳಿದ್ರೆ ನನ್ನ ಕೋಣೆ?"

ಗಂಡ ಅವಳ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದ. ಅವಳಿಗೆ ಅವನ ಮೇಲೆ ಸಿಟ್ಟು ಬಂತು. ತಪ್ಪು ಅವನದಲ್ಲವಾದ್ದರಿಂದ ಸಿಟ್ಟು ಇನ್ನೂ ಹೆಚ್ಚಾಯಿತು.

ಶನಿವಾರ ಸಭೆ ತುಂಬಿತ್ತು. ದೊಡ್ಡ ಕ್ಲಬ್ಬುಗಳವರು ಮುಂದಿನ ಸಾಲಿನಲ್ಲಿ. ಸಣ್ಣವರಲ್ಲಿ ಬಂದಿದ್ದ ಮೂವರು ಹಿಂದೆ, ಬಾಗಿಲ ಹತ್ತಿರ. ಯೋಜನಾ ತಜ್ಞ ಪರದೆಯ ಮೇಲೆ ಬಣ್ಣಬಣ್ಣದ ಗೆರೆಗಳನ್ನು ತೋರಿಸಿದ. ಎಲ್ಲವೂ ಮೇಲಕ್ಕೇ ಹೋಗುತ್ತಿದ್ದವು. ಕೊನೆಗೆ ಅವನು "ಈ ಯೋಜನೆ ನಿಂತಿರೋದು ಒಬ್ಬರ ಮೇಲೆ. ಇಪ್ಪತ್ತೈದು ವರ್ಷ ಒಂದೂ ತಪ್ಪಿಲ್ಲದೆ ಸಂಖ್ಯೆ ಕಾಪಾಡಿಕೊಂಡು ಬಂದ ನಮ್ಮ ಮೇಡಂ" ಎಂದ. ಚಪ್ಪಾಳೆ. ಮೂಲೆಯಲ್ಲಿ ನಡಾವಳಿ ಬರೆಯುತ್ತಿದ್ದ ಏಣಿ ಅಕ್ಕನ ಮುಖ ಬಿಳಿಚಿಕೊಂಡಿತು. ಅಧ್ಯಕ್ಷರು "ಸರಿ, ಒಪ್ಪಿಗೆ ಇರೋರು ಕೈ ಎತ್ತಿ" ಎಂದರು.

"ಒಂದು ನಿಮಿಷ ಸರ್" ಎಂದು ಅವಳು ಪೆನ್ನು ಕೆಳಗಿಟ್ಟು ಎದ್ದಳು. ಆ ಸಭೆಯಲ್ಲಿ ಅವಳು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಚಹಾ ಬಂತು ಎಂದು ಹೇಳಲಿಕ್ಕೆ ಎದ್ದಳೇನೋ ಎಂದು ಇಬ್ಬರು ಬಾಗಿಲ ಕಡೆ ನೋಡಿದರು.

"ಆ ಸಂಖ್ಯೆ ತಪ್ಪು ಸರ್. ನಾನು ಕೇಳಿದ್ದು ಏಣಿಯಲ್ಲಿ ಎಷ್ಟು ಜನ ಅಂತ. ಆಡೋರು ಎಷ್ಟು ಜನ ಅಂತ ಕೇಳಲೇ ಇಲ್ಲ. ಪಟ್ಟಿಯಲ್ಲಿ ಒಂಬತ್ತನೇ ಕ್ಲಬ್ಬಿಗೆ ನಿನ್ನೆ ಹೋಗಿದ್ದೆ. ನಮ್ಮ ಲೆಕ್ಕದಲ್ಲಿ ಹನ್ನೊಂದು. ಬೆಳಗಿನ ಒಂದು ಗುಂಪಲ್ಲೇ ಇಪ್ಪತ್ತೆಂಟು ಜನ ಸರದಿಗೆ ಕಾಯ್ತಾ ಕೂತಿದ್ರು. ಯಾರ ಹೆಸರೂ ಏಣಿಯಲ್ಲಿಲ್ಲ."

ಹಿಂದಿನ ಸಾಲಿನಿಂದ ಒಬ್ಬರು "ನಮ್ಮಲ್ಲೂ ಹಾಗೇನೇ!" ಎಂದು ಕೂಗಿದರು. ಮುಂದಿನ ಸಾಲಿನಿಂದಲೂ ಒಂದು ದನಿ, ಸ್ವಲ್ಪ ಸಂಕೋಚದಿಂದ: "ನಮ್ಮಲ್ಲೂ ಹೆಂಗಸರು ಏಣಿಗೆ ಹಾಕಲ್ಲ."

ಅಧ್ಯಕ್ಷರು ಕನ್ನಡಕ ತೆಗೆದರು. "ಹಾಗಾದ್ರೆ ನಿಜವಾಗಿ ಎಷ್ಟು ಜನ ಆಡ್ತಾರಮ್ಮ?"

"ಗೊತ್ತಿಲ್ಲ ಸರ್."

ಆ ಎರಡು ಮಾತು ಆಡುವುದಕ್ಕೆ ಅವಳಿಗೆ ಆದ ಸಂಕಟ ಹೇಳತೀರದು. ಮುಂದಿನ ಸಾಲಿನ ಉಪಾಧ್ಯಕ್ಷರು "ಚೆನ್ನಾಗಿದೆ! ಇಪ್ಪತ್ತೈದು ವರ್ಷ ತಪ್ಪು ಲೆಕ್ಕ ಕೊಟ್ಟೋರನ್ನ ವಿಭಾಗದ ಮುಖ್ಯಸ್ಥೆ ಮಾಡ್ಬೇಕಂತೆ" ಎಂದು ಎಲ್ಲರಿಗೂ ಕೇಳುವಂತೆ ಗೊಣಗಿದರು.

ಯೋಜನಾ ತಜ್ಞ ಮಾತ್ರ ತನ್ನ ಕಂಪ್ಯೂಟರಿನ ಪುಟಗಳನ್ನು ಮೇಲೆ ಕೆಳಗೆ ಸರಿಸುತ್ತ ನಿಂತಿದ್ದ. "ಮೇಡಂ, ನನ್ನ ನಲವತ್ತು ಪುಟದಲ್ಲಿ ಈಗ ಎಷ್ಟು ಉಳಿಯುತ್ತೆ?"

"ಮುಖಪುಟ ಉಳಿಯುತ್ತೆ" ಎಂದಳು ಏಣಿ ಅಕ್ಕ. ಕುಚೋದ್ಯ ಮಾಡುವ ಉದ್ದೇಶ ಅವಳಿಗಿರಲಿಲ್ಲ, ಇದ್ದದ್ದನ್ನು ಹೇಳಿದಳು ಅಷ್ಟೆ. ಮೊದಲು ನಕ್ಕವನು ಅವನೇ. ಆಮೇಲೆ ಅಧ್ಯಕ್ಷರು. ಅವರು ನಕ್ಕ ಮೇಲೆ ಉಳಿದವರಿಗೂ ಬಾಯಿ ತೆರೆಯಲು ಅಪ್ಪಣೆ ಸಿಕ್ಕಂತಾಯಿತು.

ನಾಲ್ಕು ತಿಂಗಳು ಯೋಜನೆ ಮುಂದಕ್ಕೆ ಹೋಯಿತು. ಎಣಿಕೆ ಹೊಸದಾಗಿ ಆಗಬೇಕು. ದೊಡ್ಡ ಕ್ಲಬ್ಬುಗಳು ತಾವೇ ಮಾಡಿ ಕಳಿಸಲಿ, ಹದಿನೇಳು ಸಣ್ಣವಕ್ಕೆ ಕಚೇರಿಯಿಂದ ಜನ ಹೋಗಲಿ ಎಂದಾಯಿತು. ಕಚೇರಿಯ ಜನ ಎಂದರೆ ಇನ್ನಾರು? ಇಪ್ಪತ್ತೆಂಟನೇ ಪುಟದ ಮಾತನ್ನು ಯಾರೂ ಮತ್ತೆ ಎತ್ತಲಿಲ್ಲ. ಸಭೆ ಮುಗಿದ ಮೇಲೆ ಏಣಿ ಅಕ್ಕ ಕೈತೊಳೆಯುವ ಕೋಣೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಐದು ನಿಮಿಷ ಅತ್ತಳು. ಮುಖ ತೊಳೆದು ಬಂದು ನಡಾವಳಿ ಪೂರ್ತಿ ಮಾಡಿದಳು: "ಆಟಗಾರರ ಸಂಖ್ಯೆ ತಪ್ಪಾಗಿರುವುದು ಕಚೇರಿ ಸಹಾಯಕಿಯ ಫಾರಂನಿಂದ ಎಂದು ಅವರೇ ಸಭೆಗೆ ತಿಳಿಸಿದರು."

ಸಹಿ ಹಾಕುವಾಗ ಅಧ್ಯಕ್ಷರು ಆ ಸಾಲಿನ ಮೇಲೆ ಪೆನ್ನು ನಿಲ್ಲಿಸಿದರು. "ಇದನ್ನೆಲ್ಲ ಯಾಕಮ್ಮ ಬರೀತೀಯ? ಹೊಡೆದು ಹಾಕು."

"ನಡೆದದ್ದು ಬರೆಯೋದು ತಾನೇ ಸರ್ ನಡಾವಳಿ."

ಅವರು ಅವಳನ್ನೇ ಒಂದು ಗಳಿಗೆ ನೋಡಿ ಸಹಿ ಹಾಕಿದರು.

ಆಮೇಲಿನ ನಾಲ್ಕು ತಿಂಗಳು ಅವಳ ಬದುಕಿನಲ್ಲೇ ಸೊಗಸಾದ ತಿಂಗಳುಗಳು. ಇಪ್ಪತ್ತಾರು ವರ್ಷ ಒಂದೇ ಗೋಡೆಗೆ ಬೆನ್ನು ಕೊಟ್ಟು ಕೂತವಳು ಈಗ ಬಸ್ಸಿನ ಕಿಟಕಿ ಪಕ್ಕ ಕೂತು ಊರೂರು ಸುತ್ತಿದಳು. ಎಣಿಕೆಗೆ ಅವಳು ಮಾಡಿದ ಏರ್ಪಾಡು ಸರಳ. ಕೋರ್ಟಿನ ಬಾಗಿಲಿಗೆ ದಾರ ಕಟ್ಟಿ ಒಂದು ಪುಸ್ತಕ, ಒಂದು ಪೆನ್ಸಿಲು. ಒಂದು ವಾರ ಯಾರು ಒಳಗೆ ಕಾಲಿಟ್ಟರೂ, ಗೆಲ್ಲಲಿ ಸೋಲಲಿ, ಒಂದು ಸಲ ಹೆಸರು ಬರೆಯಬೇಕು. ಈಜುವವರೂ ಇಸ್ಪೀಟಿನವರೂ ತೀರಿಹೋದವರೂ ಕೋರ್ಟಿನೊಳಗೆ ಬರುವುದಿಲ್ಲವಲ್ಲ. ಒಂದು ಊರಿನಲ್ಲಿ ಇಡೀ ಅಗ್ನಿಶಾಮಕ ಠಾಣೆಯೇ ಆಡುತ್ತಿತ್ತು. ಗಂಟೆ ಬಾರಿಸಿದರೆ ಆಟ ಬಿಟ್ಟು ಓಡಬೇಕಾದ್ದರಿಂದ ಏಣಿ ಅವರಿಗೆ ಒಗ್ಗಿರಲಿಲ್ಲ. ಇನ್ನೊಂದು ಕಡೆ ಅಜ್ಜ, ಮಗ, ಮೊಮ್ಮಗಳು ಮೂರು ತಲೆಮಾರು ಒಂದೇ ರಾಕೆಟ್ಟಿನಲ್ಲಿ ಆಡುತ್ತಿದ್ದರು. ಎಲ್ಲಿ ಹೋದರೂ ಊಟ ಹಾಕದೆ ಕಳಿಸಿದವರಿಲ್ಲ. ಏಣಿ ಅಕ್ಕ ಎರಡು ಸುತ್ತು ದಪ್ಪಗಾದಳು.

ಹದಿನಾರನೇ ಕ್ಲಬ್ಬು ಮುಗಿಸಿ, ದೊಡ್ಡ ಕ್ಲಬ್ಬುಗಳಿಂದ ಬಂದದ್ದನ್ನೂ ಸೇರಿಸಿ ಕೂಡಿದಾಗ ನಾಲ್ಕು ಸಾವಿರದ ಒಂಬೈನೂರು ದಾಟಿತ್ತು. ಐದನೇ ವರ್ಷದ ಕೊನೆಗೆ ಮುಟ್ಟಬೇಕಿದ್ದ ಗುರಿಯನ್ನು ದೇಶ ಯಾರಿಗೂ ಹೇಳದೆ ಕೇಳದೆ ಯಾವಾಗಲೋ ದಾಟಿಬಿಟ್ಟಿತ್ತು. ಯೋಜನಾ ತಜ್ಞನಿಗೆ ಫೋನು ಮಾಡಿ ಹೇಳಿದಳು.

"ಹಾಗಾದ್ರೆ ಈ ಐದು ವರ್ಷ ನಾವು ಏನು ಮಾಡೋಣ ಮೇಡಂ?"

"ಜನ ಇದ್ದಾರೆ, ಕೋರ್ಟ್ ಸಾಲ್ತಿಲ್ಲ. ಹತ್ತು ನಿಮಿಷಕ್ಕೆಲ್ಲ ಬಾಗಿಲು ಬಡೀತಾರೆ. ಮೊದಲು ಅದನ್ನ ಬರ್ಕೊಳಿ."

"ಬರ್ಕೊಂಡೆ" ಎಂದ. ಬರೆದುಕೊಂಡ ಸದ್ದು ಕೇಳಿಸಿತು ಕೂಡ.

ಹದಿನೇಳನೆಯದಾಗಿ ನಾದಿನಿಯ ಊರನ್ನು ಬೇಕೆಂದೇ ಉಳಿಸಿಕೊಂಡಿದ್ದಳು. ಅಲ್ಲಿ ಪುಸ್ತಕವನ್ನು ಬಾಗಿಲಿಗೆ ಕಟ್ಟುವ ಮೊದಲು ಬೆಂಚಿನ ಪಕ್ಕ ಕುರ್ಚಿ ಹಾಕಿಕೊಂಡು, ಮೊದಲ ದಿನದ ಹೆಸರುಗಳನ್ನು ತಾನೇ ಬರೆದುಕೊಂಡಳು. ಕ್ಲಬ್ಬು ನೋಡಿಕೊಳ್ಳುವವನಿಗೆ ಅಷ್ಟರಲ್ಲಿ ಅವಳು ಯಾರೆಂದು ಗೊತ್ತಾಗಿ, ಎರಡು ಸಲ ಚಹಾ ತಂದುಕೊಟ್ಟ. ನಾದಿನಿ, ಟೀಚರು, ಹೊಲಿಗೆಯವಳು, ಅಂಗಡಿಯವಳು ಎಲ್ಲರದೂ ಆಯಿತು. ನರ್ಸಮ್ಮನ ಸರದಿ ಬಂತು. ಅರವತ್ತೆಂಟು ವರ್ಷ, ಬೆಳ್ಳಗಿನ ಜಡೆ, ಮಂಡಿಗೆ ಪಟ್ಟಿ.

"ಎಷ್ಟು ವರ್ಷದಿಂದ ಆಡ್ತಿದೀರಿ?"

"ಹತ್ತೊಂಬತ್ತು."

ಏಣಿ ಅಕ್ಕನ ಪೆನ್ಸಿಲು ನಿಂತಿತು. ಹತ್ತೊಂಬತ್ತು ಫಾರಂ. ಹತ್ತೊಂಬತ್ತು ಸಲ ಈ ಕ್ಲಬ್ಬಿನ ಸಂಖ್ಯೆಯನ್ನು ತಾನೇ ದಪ್ಪಕ್ಷರದಲ್ಲಿ ಬರೆದು, ಗೆರೆ ಎಳೆದು, ಸರಿಯಾಗಿದೆ ಎಂದು ಸಹಿ ಹಾಕಿದ್ದಳು. ಸಭೆಯಲ್ಲಿ ನೂರು ಜನರ ಮುಂದೆ ಹೇಳಿಕೊಂಡಿದ್ದರೂ ಒಬ್ಬರೇ ಒಬ್ಬರ ಮುಂದೆ ಹೇಳುವುದು ಬೇರೆ ಎಂದು ಅವಳಿಗೆ ಆಗ ತಿಳಿಯಿತು.

"ಅಮ್ಮ, ಇಷ್ಟು ವರ್ಷ ನಾನು ನಿಮ್ಮನ್ನ ಎಣಿಸಲೇ ಇಲ್ಲ. ತಪ್ಪಾಯ್ತು" ಎಂದಳು, ಕಣ್ಣು ತುಂಬಿಕೊಂಡು.

ನರ್ಸಮ್ಮ ಕೂದಲಿಗೆ ಪಟ್ಟಿ ಬಿಗಿಯುತ್ತ ಅವಳನ್ನು ವಿಚಿತ್ರವಾಗಿ ನೋಡಿದಳು. "ಅಯ್ಯೋ, ನೀವು ಎಣಿಸಿಲ್ಲ ಅಂತ ನಾನೇನು ಆಡೋದು ಬಿಟ್ನಾ?"

ಅಷ್ಟರಲ್ಲಿ ಹತ್ತು ನಿಮಿಷ ಮುಗಿದಿತ್ತು. ನರ್ಸಮ್ಮ ಎದ್ದು ಕೋರ್ಟಿನ ಬಾಗಿಲು ದಬದಬ ಬಡಿದಳು. ಒಳಗಿನಿಂದ ಸೊಸೆ "ಇದೊಂದು ಪಾಯಿಂಟ್ ಅತ್ತೆ!" ಎಂದು ಕೂಗಿದಳು. "ಒಂದೂ ಇಲ್ಲ ಎರಡೂ ಇಲ್ಲ, ಆಚೆ ಬಾ" ಎಂದು ನರ್ಸಮ್ಮ ರಾಕೆಟ್ ಹಿಡಿದು ಒಳಗೆ ನುಗ್ಗಿದಳು. ಏಣಿ ಅಕ್ಕ ಕಣ್ಣೊರೆಸಿಕೊಂಡು, ನಗುತ್ತ, ಆಕೆಯ ಹೆಸರಿನ ಮುಂದೆ ಹತ್ತೊಂಬತ್ತು ಎಂದು ಬರೆದಳು.